ಹುತ್ತದ ತಂಪು, ಗಾಜಿನ ಪೆಟ್ಟಿಗೆಯ ಗಾಳಿ



ಪ್ರಾಣಿಯೊಂದನ್ನು ಮನೆಗೆ ತರುವುದು ಸುಲಭ. ಅದು ಬಿಟ್ಟು ಬಂದ ನೆಲವನ್ನು ಮನೆಯಲ್ಲಿ ಕಟ್ಟಿಕೊಡುವುದು ಕಷ್ಟ. ಆಕಳಿಗೆ ಎಂಥ ಕೊಟ್ಟಿಗೆ ಬೇಕು, ಮಳೆಗಾಲದಲ್ಲಿ ಅದರ ಕಾಲಡಿ ಏನನ್ನು ಹರಡಬೇಕು ಎಂಬುದನ್ನು ನಮ್ಮ ಹಿರಿಯರು ಪುಸ್ತಕ ಓದಿ ಕಲಿತವರಲ್ಲ. ಆಕಳೂ ಅವರೂ ಒಂದೇ ಊರಿನ ಗಾಳಿ, ನೀರುಗಳಲ್ಲಿ ಬೆಳೆದವರು. ಆದರೆ ಈಗ ಕೆಲವು ಮನೆಗಳಿಗೆ, ವಿಶೇಷವಾಗಿ ಪರದೇಶಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಿಗೆ, ಹಾವು, ಹಲ್ಲಿ, ಆಮೆಗಳು ಸಾಕುಪ್ರಾಣಿಗಳಾಗಿ ಬಂದಿವೆ. ಅವುಗಳ ಊರು ಬೇರೆ, ಸಾಕುವವರ ಊರು ಬೇರೆ. ಅಲ್ಲಿ ಅನುಭವದ ಮಾತು ಸಾಲದು, ಅರಿವು ಬೇಕು.

ಅಮೆರಿಕದ ಚಳಿನಾಡಿನಲ್ಲಿರುವ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಹನ್ನೊಂದು ವರ್ಷದ ಮಗ ಬಾಲ್ ಪೈಥಾನ್ ಎಂಬ ಪುಟ್ಟ ಜಾತಿಯ ಹೆಬ್ಬಾವನ್ನು ಸಾಕಿದ್ದಾನೆ. ಬೇಸಿಗೆಯಲ್ಲಿ ಅದು ಇಡಿಯಾಗಿ ಪೊರೆ ಬಿಡುತ್ತಿತ್ತಂತೆ. ನವೆಂಬರ್ ಕಳೆದ ಮೇಲೆ ಪೊರೆ ಚೂರುಚೂರಾಗಿ ಹರಿದು ಮೈಗೆ ಅಂಟಿಕೊಂಡಿದೆ, ಒಂದು ಕಣ್ಣಿನ ಮೇಲೆಯೂ ಉಳಿದಿದೆ. ಊರಿನಿಂದ ಹೋಗಿದ್ದ ಹಿರಿಯರು ಇದು ಮನೆಗೆ ತಟ್ಟಿದ ದೋಷ, ಹಾವನ್ನು ಹೊರಗೆ ಬಿಟ್ಟುಬಿಡಿ ಎನ್ನುತ್ತಿದ್ದಾರೆ. ಹುಡುಗ ಊಟ ಬಿಟ್ಟು ಕುಳಿತಿದ್ದಾನೆ. ‘ಇದು ರೋಗವೋ, ದೋಷವೋ ತಿಳಿಸಿರಿ’ ಎಂದು ಆ ತಾಯಿ ಕೇಳಿದ್ದಾರೆ.

ದೋಷವಂತೂ ಅಲ್ಲವೇ ಅಲ್ಲ. ರೋಗವೂ ಇನ್ನೂ ಆಗಿರಲಾರದು, ಕಡೆಗಣಿಸಿದರೆ ಆದೀತು. ಬರೆದಿರುವ ಲಕ್ಷಣಗಳನ್ನು ನೋಡಿದರೆ ಆ ಪೆಟ್ಟಿಗೆಯ ಗಾಳಿ ಒಣಗಿದೆ. ಅಷ್ಟರಿಂದಲೇ ಇಷ್ಟೂ ನಡೆದಿರುವ ಸಂಭವ ಹೆಚ್ಚು. ಆ ಚಳಿಯಲ್ಲಿ ಹೊರಗೆ ಬಿಟ್ಟರೆ ಉಷ್ಣನಾಡಿನ ಆ ಜೀವಿ ಬದುಕುವುದಿಲ್ಲ. ಆ ಸಲಹೆಯನ್ನು ಮಾತ್ರ ದಯವಿಟ್ಟು ಪಾಲಿಸಬಾರದು.

ಪೊರೆ ಬಿಡುವ ಕ್ರಮವನ್ನು ಮೊದಲು ತಿಳಿಯೋಣ. ಹಳೆಯ ಚರ್ಮದ ಕೆಳಗೆ ಹೊಸದೊಂದು ಪದರ ಸಿದ್ಧವಾಗುತ್ತದೆ. ಇವೆರಡರ ನಡುವೆ ತೆಳುವಾದ ದ್ರವ ಸೇರಿ ಹಳೆಯದನ್ನು ಸಡಿಲಿಸುತ್ತದೆ. ಆಗ ಹಾವಿನ ಮೈ ಮಂಕಾಗಿ, ಕಣ್ಣು ಹಾಲುಬೆರೆತ ನೀಲಿಯಂತೆ ಕಾಣುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಆಮೇಲೆ ಹಾವು ಮೂತಿಯನ್ನು ಒರಟಾದ ವಸ್ತುವಿಗೆ ತಿಕ್ಕಿ, ಕಾಲುಚೀಲವನ್ನು ಮಗುಚಿ ತೆಗೆದಂತೆ, ಪೊರೆಯನ್ನು ಕಳಚುತ್ತದೆ. ಹಾವಿಗೆ ರೆಪ್ಪೆಯಿಲ್ಲ. ಕಣ್ಣನ್ನು ಕಾಯುವ ಪಾರದರ್ಶಕ ಮುಚ್ಚಳವೂ ಪೊರೆಯೊಡನೆಯೇ ಕಳಚಬೇಕು. ಗಾಳಿಯಲ್ಲಿ ತೇವ ಸಾಲದಿದ್ದರೆ ಹಳೆಯ ಪದರ ಒಣಗಿ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಹಲ್ಲಿಗಳು ಪೊರೆಯನ್ನು ತುಂಡುತುಂಡಾಗಿ ಬಿಡುವುದು ಸಹಜವೇ. ಆದರೆ ಅವುಗಳ ಬೆರಳುಗಳಲ್ಲಿ ಉಳಿದ ಪೊರೆ ಒಣಗಿದ ದಾರದಂತೆ ಬಿಗಿದು, ರಕ್ತಸಂಚಾರವನ್ನು ತಡೆದು, ಬೆರಳೇ ಉದುರಿಹೋಗುವುದುಂಟು.

ಆಫ್ರಿಕದ ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲಿನಲ್ಲಿ ಈ ಪುಟ್ಟ ಹೆಬ್ಬಾವು ಬಾಳುತ್ತದೆ. ಅಲ್ಲಿಯೂ ಒಣಹವೆಯ ತಿಂಗಳುಗಳಿವೆ. ಆದರೂ ಅದು ಬಾಡುವುದಿಲ್ಲ. ಏಕೆಂದರೆ ಹಗಲೆಲ್ಲ ಅದು ಇಲಿಯ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಅಡಗಿರುತ್ತದೆ. ಹೊರಗೆ ಬಿಸಿಗಾಳಿ ಬೀಸುತ್ತಿದ್ದರೂ ಹುತ್ತದೊಳಗೆ ತಂಪೂ ತೇವವೂ ಇರುತ್ತವೆ. ನಮ್ಮ ಬಯಲುಸೀಮೆಯ ಹಾವುಗಳೂ ಹುತ್ತವನ್ನು ಹುಡುಕಿಕೊಂಡು ಹೋಗುವುದು ಇಂಥ ಆಸರೆಗಾಗಿಯೇ. ಆಗುಂಬೆಯ ಮಳೆಕಾಡಿನ ಹೆಣ್ಣು ಕಾಳಿಂಗವು ತರಗೆಲೆಗಳನ್ನು ರಾಶಿಮಾಡಿ ಗೂಡು ಕಟ್ಟಿ, ಅದರ ಹದವಾದ ಬೆಚ್ಚನೆಯ ತೇವದಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಪಶ್ಚಿಮಘಟ್ಟದ ಈ ಹಾವಿಗೆ 2024ರಲ್ಲಿ ವಿಜ್ಞಾನಿಗಳು ‘ಓಫಿಯೋಫೇಗಸ್ ಕಾಳಿಂಗ’ ಎಂದು ಕನ್ನಡದ ಹೆಸರನ್ನೇ ಇಟ್ಟರೆಂಬುದು ನಮಗೆಲ್ಲ ಸಂತೋಷದ ಸಂಗತಿ. ಕಾಡಿನ ಹಾವು ತನಗೆ ಬೇಕಾದ ತೇವವನ್ನು ಅರಸಿಕೊಂಡು ಹೋಗಬಲ್ಲದು. ಗಾಜಿನ ಪೆಟ್ಟಿಗೆಯ ಹಾವು ಎಲ್ಲಿಗೆ ಹೋದೀತು? ಅದಕ್ಕೆ ಹುತ್ತವನ್ನು ಕಟ್ಟಿಕೊಡುವ ಹೊಣೆ ಸಾಕಿದವರದು.

ಚಳಿಗಾಲದಲ್ಲಿಯೇ ಈ ತೊಂದರೆ ಏಕೆ ತಲೆದೋರಿತು? ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿಯಬಲ್ಲ ಪ್ರಮಾಣದಲ್ಲಿ ಎಷ್ಟು ಭಾಗ ಈಗ ಇದೆ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದಕ್ಕೆ ಸಾಪೇಕ್ಷ ಆರ್ದ್ರತೆ ಎಂದು ಹೆಸರು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದರೆ, 30 ಡಿಗ್ರಿಯ ಗಾಳಿ ಸುಮಾರು 30 ಗ್ರಾಂ ಹಿಡಿಯುತ್ತದೆ. ಆದುದರಿಂದ ಕೋಣೆಯಲ್ಲಿ ಶೇಕಡಾ 60ರಷ್ಟಿದ್ದ ಆರ್ದ್ರತೆ, ಅದೇ ಗಾಳಿಯನ್ನು ದೀಪದಿಂದ 30 ಡಿಗ್ರಿಗೆ ಕಾಯಿಸಿದೊಡನೆ, ಒಂದು ಹನಿ ನೀರೂ ಕಡಿಮೆಯಾಗದೆ ಶೇಕಡಾ 34ರ ಸುಮಾರಿಗೆ ಇಳಿಯುತ್ತದೆ. ಹಿಮ ಬೀಳುವ ಊರುಗಳ ಮನೆಗಳಲ್ಲಿ ಈ ಕಾಯಿಸುವಿಕೆ ಎರಡು ಸಲ ನಡೆಯುತ್ತದೆ: ಹೊರಗಿನ ಗಾಳಿಯನ್ನು ಮನೆಯ ಯಂತ್ರವು ಒಮ್ಮೆ ಕಾಯಿಸುತ್ತದೆ, ಪೆಟ್ಟಿಗೆಯ ದೀಪ ಮತ್ತೊಮ್ಮೆ. ಮೇಲ್ಗಡೆ ಬರಿಯ ಜಾಲರಿ ಇದ್ದರೆ ಉಳಿದ ತೇವವೂ ಅಲ್ಲಿಂದಲೇ ಹೊರಟುಹೋಗುತ್ತದೆ.

ಎಲ್ಲ ಸರೀಸೃಪಗಳಿಗೂ ಒಂದೇ ಹದವಲ್ಲ. ಬಾಲ್ ಪೈಥಾನಿಗೆ ಶೇಕಡಾ 60ರಷ್ಟು ಆರ್ದ್ರತೆ ಬೇಕು. ಪೊರೆ ಬಿಡುವ ದಿನಗಳಲ್ಲಿ ಅದಕ್ಕಿಂತ ತುಸು ಮೇಲಿರಬೇಕು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆನಾಡಿನ ಹಸಿರು ಇಗ್ವಾನಕ್ಕೆ ಶೇಕಡಾ 70 ರಿಂದ 80 ಬೇಕು. ಆಸ್ಟ್ರೇಲಿಯದ ಒಣ ಒಳನಾಡಿನಿಂದ ಬಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಗೆ ಶೇಕಡಾ 30 ರಿಂದ 40 ಸಾಕು. ಪಾಕಿಸ್ತಾನ, ಅಫ್ಘಾನಿಸ್ತಾನಗಳ ಕಲ್ಲುನೆಲದ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಹಲ್ಲಿಗೂ ಇಷ್ಟೇ ಹದ. ಆದರೆ ಅದಕ್ಕೆ ಒದ್ದೆ ಹಾವಸೆ ತುಂಬಿದ ಒಂದು ಪುಟ್ಟ ಗೂಡು ಮೂಲೆಯಲ್ಲಿ ಇರಲೇಬೇಕು. ಮರುಭೂಮಿಯ ಪ್ರಾಣಿಯೆಂದು ಹೇಳಿ ಪೆಟ್ಟಿಗೆಯನ್ನೆಲ್ಲ ಒಣಗಿಸುವವರು ಆ ಪ್ರಾಣಿಯೂ ಕಲ್ಲಿನ ಬಿರುಕಿನ ತೇವದಲ್ಲಿ ಮಲಗುತ್ತದೆ ಎಂಬುದನ್ನು ಮರೆತಿರುತ್ತಾರೆ.

ಹದವನ್ನು ಅಂದಾಜಿನಿಂದ ಹೇಳಲಾಗದು. ಹೈಗ್ರೋಮೀಟರ್ ಎಂಬ ಅಳೆಯುವ ಉಪಕರಣ ಬೇಕು. ಮುಳ್ಳಿನ ಬಿಲ್ಲೆಗಿಂತ ಅಂಕಿ ತೋರಿಸುವ ಡಿಜಿಟಲ್ ಉಪಕರಣ ಹೆಚ್ಚು ನಂಬಿಗಸ್ತ. ಅದನ್ನು ಪೆಟ್ಟಿಗೆಯ ಮೇಲ್ತುದಿಯಲ್ಲಿ ತೂಗಹಾಕದೆ, ಪ್ರಾಣಿ ಮಲಗುವ ಮಟ್ಟದಲ್ಲಿ ಇಡಬೇಕು. ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅಡಿಗೆಮನೆಯ ಉಪ್ಪೇ ಸಾಕು. ಸಣ್ಣ ಬಟ್ಟಲಿನಲ್ಲಿ ಉಪ್ಪು ಹಾಕಿ, ಅದು ಕರಗಿಹೋಗದೆ ಕೆಸರಿನಂತಾಗುವಷ್ಟು ಮಾತ್ರ ನೀರು ಚಿಮುಕಿಸಿರಿ. ಬಟ್ಟಲನ್ನೂ ಉಪಕರಣವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮುಚ್ಚಿ, ಒಂದು ರಾತ್ರಿ ಬಿಡಿರಿ. ಒಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಉಪಕರಣ 70 ಎಂದು ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆಯೆಂದು ತಿಳಿದು ಸೇರಿಸಿಕೊಳ್ಳಬೇಕು. ಮಕ್ಕಳ ಕೈಯಿಂದಲೇ ಇದನ್ನು ಮಾಡಿಸಿದರೆ ಅದೊಂದು ಒಳ್ಳೆಯ ಪಾಠವೂ ಆಗುತ್ತದೆ.

ತೇವವನ್ನು ಹೆಚ್ಚಿಸಲು ಬಹಳ ಜನ ದಿನಕ್ಕೆ ಹಲವು ಸಲ ನೀರು ಸಿಂಪಡಿಸುತ್ತಾರೆ. ಅದರ ಫಲ ಗಂಟೆಯೆರಡು ಗಂಟೆಯಲ್ಲಿ ಆರಿಹೋಗುತ್ತದೆ. ಹಾಸಿನಲ್ಲಿ ನೀರನ್ನು ಹಿಡಿದಿಡುವುದು ಅದಕ್ಕಿಂತ ಮೇಲು. ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳಿನಷ್ಟು ದಪ್ಪ ಹರಡಿ, ಮೂಲೆಗಳಲ್ಲಿ ನೀರೆರೆಯಬೇಕು. ನೀರು ತಳಕ್ಕಿಳಿದು ಮೇಲ್ಪದರ ಒಣಗಿದಂತೆ ಇದ್ದು, ಕೆಳಗಿನಿಂದ ನಿಧಾನವಾಗಿ ಆವಿಯಾಗುತ್ತಿರುತ್ತದೆ. ಜಾಲರಿಯ ಮುಕ್ಕಾಲು ಭಾಗವನ್ನು, ದೀಪದ ಬಿಸಿ ತಾಗದಂತೆ, ಮುಚ್ಚಬೇಕು. ಕುಡಿಯುವ ನೀರಿನ ಬಟ್ಟಲು ಅಗಲವಾಗಿರಲಿ. ಪ್ರಾಣಿ ಸುರುಳಿಸುತ್ತಿ ಮಲಗುವಷ್ಟು ಅಗಲದ ಡಬ್ಬಿಗೆ ಬಾಗಿಲು ಕೊರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹಾವಸೆಯನ್ನು ತುಂಬಿಟ್ಟರೆ ಅದೇ ಅದರ ಹುತ್ತ.

ಹೆಚ್ಚು ತೇವ ಒಳ್ಳೆಯದೆಂದು ಪೆಟ್ಟಿಗೆಯನ್ನು ಕೆಸರು ಮಾಡಬಾರದು. ಸದಾ ಒದ್ದೆಯಾದ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯಡಿಯಲ್ಲಿ ಗುಳ್ಳೆಗಳೆದ್ದು ಹುಣ್ಣಾಗುತ್ತವೆ. ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಚಳಿ ಮತ್ತು ತೇವ ಒಟ್ಟಿಗೆ ಸೇರುವುದು. ಅದರಿಂದ ಶ್ವಾಸಕೋಶದ ಸೋಂಕು ತಗಲುತ್ತದೆ. ಪ್ರಾಣಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ನೊರೆ ಕಂಡರೆ, ಉಸಿರಿನಲ್ಲಿ ಸದ್ದು ಕೇಳಿಸಿದರೆ ಮನೆಮದ್ದಿಗೆ ಕಾಯದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಆ ತಾಯಿಗೆ ನಾವು ಹೇಳುವುದಿಷ್ಟು. ಅಂಟಿದ ಪೊರೆಯನ್ನು ಎಳೆದು ಕೀಳಬೇಡಿರಿ. ಕೆಳಗಿನ ಹೊಸ ಚರ್ಮ ಎಳೆಯದು. ಹೊಟ್ಟೆ ಮುಳುಗುವಷ್ಟೇ ಉಗುರುಬೆಚ್ಚನೆಯ ನೀರಿನಲ್ಲಿ ಇಪ್ಪತ್ತು ನಿಮಿಷ, ಪಕ್ಕದಲ್ಲಿಯೇ ಕುಳಿತು ಕಾಯುತ್ತ, ಅದನ್ನು ಬಿಡಿರಿ. ಆಮೇಲೆ ಒದ್ದೆ ಬಟ್ಟೆಯ ನಡುವೆ ತಾನಾಗಿ ಹರಿದುಹೋಗಲು ಬಿಟ್ಟರೆ ಬಹುಭಾಗ ಕಳಚುತ್ತದೆ. ಕಣ್ಣಿನ ಮೇಲೆ ಉಳಿದುದನ್ನು ಮಾತ್ರ ಯಾರೂ ಮುಟ್ಟಬಾರದು. ಅದು ವೈದ್ಯರ ಕೆಲಸ, ಉಗುರು ತಾಗಿದರೆ ಕಣ್ಣೇ ಹೋದೀತು. ಪೆಟ್ಟಿಗೆಯ ಹದವನ್ನು ಸರಿಪಡಿಸಿದರೆ ಮುಂದಿನ ಪೊರೆ ಇಡಿಯಾಗಿ ಬರುವುದೆಂದು ನಂಬಬಹುದು.

ಆಮೆಯ ವಿಷಯದಲ್ಲಿಯೂ ಒಂದು ಮಾತು. ಸಾಕಿದ ಆಮೆಯ ಚಿಪ್ಪು ಗೋಪುರಗಳಂತೆ ಉಬ್ಬಿದರೆ ಆಹಾರದಲ್ಲಿ ಪ್ರೋಟೀನು ಹೆಚ್ಚಾಯಿತೆಂದು ಬಹುಕಾಲ ತಿಳಿಯಲಾಗಿತ್ತು. ವೀಸ್ನರ್ ಮತ್ತು ಇಬೆನ್ ಎಂಬ ಸಂಶೋಧಕರು ಆಫ್ರಿಕದ ಸಲ್ಕಾಟ ಜಾತಿಯ 50 ಆಮೆಮರಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣಗಾಳಿಯೇ ಮುಖ್ಯ ಕಾರಣವೆಂದೂ ಪ್ರೋಟೀನಿನ ಪ್ರಭಾವ ಅಲ್ಪವೆಂದೂ ಕಂಡುಬಂದಿತು.

ಇದನ್ನು ಓದಿ ನಮ್ಮ ನಾಡಿನ ಮನೆಗಳಲ್ಲಿ ಯಾರೂ ನಕ್ಷತ್ರ ಆಮೆಗೆ ತೊಟ್ಟಿ ಸಿದ್ಧಪಡಿಸಬಾರದು. ಅದೃಷ್ಟ ತರುತ್ತದೆಂಬ ಮಾತನ್ನು ನಂಬಿ ಅದನ್ನು ಗುಟ್ಟಾಗಿ ಕೊಂಡು ತರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಕ್ಷತ್ರ ಆಮೆ, ನಾಗರ, ಕೆರೆಹಾವು, ಹೆಬ್ಬಾವು, ಉಡ ಇವುಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ನಕ್ಷತ್ರ ಆಮೆಯ ಅಂತಾರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಇನ್ನಷ್ಟು ಬಿಗಿಯಾಗಿ ನಿಷೇಧಿಸಲಾಯಿತು. ಬಾಲ್ ಪೈಥಾನ್, ಇಗ್ವಾನಗಳಂಥ ಪರದೇಶದ ಪ್ರಾಣಿಗಳನ್ನು ಭಾರತದಲ್ಲಿ ಸಾಕಿರುವವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು. ಕುರುಚಲು ಕಾಡಿನ ಆಮೆ ಮುಂಗಾರು ಬಂದೊಡನೆ ಚುರುಕಾಗಿ ಓಡಾಡುತ್ತದೆ. ಆ ಮಳೆಯನ್ನು ಯಾವ ತೊಟ್ಟಿಯಲ್ಲಿಯೂ ಸುರಿಸಲಾಗದು. ಅದು ಅಲ್ಲಿಯೇ ಇರಲಿ.

ಪರದೇಶದಲ್ಲಿರುವ ತಂದೆತಾಯಿಗಳಿಗೆ ಕೊನೆಯದೊಂದು ವಿಚಾರ. ಒಳ್ಳೆಯ ಆರೈಕೆಯಲ್ಲಿ ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಹನ್ನೊಂದರ ಹುಡುಗ ಹದಿನೆಂಟಕ್ಕೆ ಓದಲು ಬೇರೆ ಊರಿಗೆ ಹೋಗುತ್ತಾನೆ. ಆಗ ನೀರಿನ ಬಟ್ಟಲು ತುಂಬುವವರು ಯಾರು, ಹಾಸು ಬದಲಿಸುವವರು ಯಾರು ಎಂಬುದನ್ನು ಪ್ರಾಣಿಯನ್ನು ಕೊಳ್ಳುವ ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಬೇಕು. ಕೊಂಡಾಗಿದ್ದರೆ ಗೋಡೆಯ ಮೇಲೊಂದು ಹಾಳೆ ಅಂಟಿಸಿ, ಬೆಳಿಗ್ಗೆ ಸಂಜೆ ಉಷ್ಣತೆ ಮತ್ತು ಆರ್ದ್ರತೆಯ ಅಂಕಿಗಳನ್ನು ಮಗುವಿನಿಂದ ಬರೆಯಿಸಿರಿ. ಮಾತು ಬಾರದ ಜೀವಿಯ ಅಗತ್ಯವನ್ನು ಆ ಅಂಕಿಗಳಲ್ಲಿ ಓದಿ ನೀರೆರೆಯಲು ಕಲಿತ ಮಗು, ನಾಳೆ ಮನುಷ್ಯರ ಕಷ್ಟವನ್ನೂ ಅವರು ಬಾಯಿಬಿಟ್ಟು ಹೇಳುವ ಮುನ್ನ ಅರಿತೀತು ಎಂದು ನಾವು ಆಶಿಸುತ್ತೇವೆ.