‘ಇನ್ನೊಬ್ಬರಿಗೆ ಜಾಗಾ ಅದ’ ಅನ್ನೋ ಮನಿ

ಹೇಳದ ಕೇಳದ ಯಾರರೆ ಮನಿಗೆ ಬಂದ್ರ ನಮ್ಮ ಅತ್ತಿಯವರದು ಒಂದ ಮಾತು: ‘ಒಂದ ಮುಷ್ಟಿ ಅಕ್ಕಿ ಹೆಚ್ಚಿಗೆ ಇಡವಾ, ಸಾರಿಗೆ ನೀರ ಹಾಕು.’ ನಿಮ್ಮ ಮನ್ಯಾಗೂ ಕೇಳಿರ್ತೀರಿ. ಮಾತು ಭಾಳ ಛಲೋದು. ಆದ್ರ ಅದರ ಭಾರ ಯಾರ ಮ್ಯಾಲೆ ಬೀಳ್ತದ ಅಂತ ನಂಗ ವಿಚಾರಕ್ಕ ಹಚ್ಚಿದ್ದು ಅಮೇರಿಕಾದ ಒಬ್ಬ ಹಾಡುಗಾರನ ಕಥಿ.

ಹೆಸರು ಕೀತ್ ಗ್ರೀನ್. ಹುಟ್ಟಿದ್ದು 1953ರಾಗ, ನ್ಯೂಯಾರ್ಕಿನ ಬ್ರೂಕ್ಲಿನ್‌ನಾಗ. 11 ವರ್ಷದ ಪೋರ ಇದ್ದಾಗನ ಡೆಕ್ಕಾ ರೆಕಾರ್ಡ್ ಕಂಪನಿ ಅವನ ಕಡೆ ಕರಾರು ಬರಿಸ್ಕೊಂಡಿತ್ತು. ಆದ್ರ ಅಂದುಕೊಂಡಂಗ ಹೆಸರು ಬರಲಿಲ್ಲ. ಹರೇದಾಗ ಮನಿ ಬಿಟ್ಟು ಓಡಿದಾ, ನಶಾ ಹಿಡಿದಾ. 1973ರಾಗ ಮೆಲಡಿ ಅನ್ನೋ ಹುಡುಗಿನ್ನ ಲಗ್ನಾ ಮಾಡಿಕೊಂಡಾ. 1975ರಾಗ ಗಂಡಾ ಹೆಂಡತಿ ಇಬ್ರೂ ಏಸುವಿನ ದಾರಿ ಹಿಡಿದ್ರು. ಆಮ್ಯಾಲೆ ಪಿಯಾನೋ ಮುಂದ ಕೂತು ಇಂವ ಹಾಡಿದ ರಾಕ್ ಧಾಟಿಯ ದೇವರ ಹಾಡಿಗೆ ಮಂದಿ ಹುಚ್ಚಾಗಿಬಿಟ್ರು.

ಹಾಡು ಬಾಜೂಕಿಡ್ರಿ, ನಾ ಹೇಳೋದು ಅವರ ಮನಿ ಬಗ್ಗೆ. ಕ್ಯಾಲಿಫೋರ್ನಿಯಾದಾಗ ಇದ್ದಾಗ ನಶಾ ಬಿಡಬೇಕನ್ನೋರು, ಲಗ್ನಾ ಇಲ್ದ ಬಸರಾದ ಹುಡುಗ್ಯಾರು, ದಿಕ್ಕಿಲ್ದೋರು ಎಲ್ಲಾರನ್ನೂ ಮನಿಯೊಳಗ ಕರಕೊಂಡ್ರು. ಜಾಗಾ ಸಾಲದಾತು, ಬಾಜೂ ಮನಿ ಖರೀದಿ ಮಾಡಿದ್ರು. ಅದೂ ಸಾಲದಾತು, ಮತ್ತಷ್ಟು ಮನಿ ಭಾಡಿಗಿ ಹಿಡಿದ್ರು. ಅಷ್ಟ ಮಂದಿ ಹಾಸಿಗಿ, ಅರಬಿ, ಊಟಾ! ನಮಗ ನಾಲ್ಕ ಮಂದಿ ಬೀಗರು ನಾಲ್ಕ ದಿವಸ ಉಳದ್ರ ಸಿಲಿಂಡರ್ ಕಡೆ ಕಣ್ಣು ಹೋಗ್ತದ.

1979ರಾಗ ಎಲ್ಲಾರೂ ಟೆಕ್ಸಸ್‌ನ ಲಿಂಡೇಲ್ ಊರಿಗೆ ಹೋದ್ರು. ಆಗ ಕೀತ್ ಇನ್ನೊಂದ ಹಟಾ ಹಿಡಿದಾ. ದೇವರ ಹಾಡಿಗೆ ರೇಟು ಹಚ್ಚಬಾರದು ಅಂತ ಕಂಪನಿ ಕರಾರಿಂದ ಬಿಡಿಸಿಕೊಂಡು, ಮನಿ ಅಡಾ ಇಟ್ಟು 1980ರಾಗ ಸ್ವಂತ ರೆಕಾರ್ಡ್ ತೆಗದಾ. ಎಷ್ಟ ಆಗ್ತದ ಅಷ್ಟ ಕೊಡ್ರಿ, ಇಲ್ಲಂದ್ರ ಸುಮ್ನ ತಗೋರಿ ಅಂದಾ. ಎರಡ ವರ್ಷದಾಗ 2 ಲಕ್ಷಕ್ಕೂ ಹೆಚ್ಚು ಕಳಿಸಿದ್ರು, ಅದರಾಗ 61,000 ಪುಕ್ಕಟ. ಇಂಥಾ ಮನುಷ್ಯಾಗ ಕೈ ಮುಗೀಬೇಕು, ಅದರಾಗ ಎರಡ ಮಾತಿಲ್ಲ.

ಆದ್ರ 1982ರ ಜುಲೈ 28 ನೋಡ್ರಿ. ಮನಿಗೆ ಒಂದ ಸಂಸಾರ ಬಂದಿತ್ತು, ಗಂಡಾ, ಹೆಂಡತಿ, ಆರ ಮಕ್ಕಳು. ಅವರಿಗೆ ಮ್ಯಾಲಿಂದ ಜಾಗಾ ತೋರಸ್ತೇನಿ ಅಂತ ಕೀತ್ ಸಣ್ಣ ವಿಮಾನ ಹತ್ತಿದಾ. ಜೊತಿಗೆ ತನ್ನ ಮೂರ ವರ್ಷದ ಮಗಾ, ಎರಡ ವರ್ಷದ ಮಗಳು. ಪೈಲಟ್ ಹಿಡದು 12 ಮಂದಿ. ಏರಿದ ಸ್ವಲ್ಪ ಹೊತ್ತಿಗೆ ಬಿತ್ತು, ಒಬ್ರೂ ಉಳೀಲಿಲ್ಲ. ಭಾರ ಮಿತಿ ಮೀರಿತ್ತು ಅಂತ ತನಿಖಿಯೊಳಗ ಗೊತ್ತಾತು. ಅವಗ ಬರೇ 28 ವರ್ಷ. ಮನ್ಯಾಗ ಮೆಲಡಿ ಕೈಯಾಗ ಒಂದ ವರ್ಷದ ಕೂಸು, ಹೊಟ್ಟಿಯೊಳಗ ಇನ್ನೊಂದು.

ಸತ್ತವರ ಮ್ಯಾಲೆ ತಪ್ಪು ಹೊರಸೋದು ನನ್ನ ಉದ್ದೇಶ ಅಲ್ಲರಿ, ಆ ಮಕ್ಕಳನ್ನ ನೆನಸಿದ್ರ ಹೊಟ್ಟಿಯೊಳಗ ಸಂಕಟ ಆಗ್ತದ. ನಂಗ ಅನಿಸಿದ್ದು ಇಷ್ಟ. ‘ಬರ್ರಿ’ ಅನ್ನೋದು ದೊಡ್ಡ ಗುಣ. ಹೊತ್ತಿಗೆ ಸರಿಯಾಗಿ ‘ಸಾಕು’ ಅನ್ನೋದೂ ಅಷ್ಟ ದೊಡ್ಡ ಗುಣ. ನಾವು ಮೊದಲನೇದಕ್ಕ ಪುಣ್ಯಾ ಅಂತೇವಿ, ಎರಡನೇದು ಹೆಣ್ಣಮಕ್ಕಳ ಬಾಯಿಂದ ಬಂದ್ರ ‘ಅಕಿ ಮನಸ್ಸು ಸಣ್ಣದು’ ಅಂತೇವಿ. ಅಳತಿ ಬಲ್ಲಾಕಿ ಮನಸ್ಸು ಸಣ್ಣದಲ್ಲ, ಅಕಿಗೆ ಡಬ್ಬಿಯೊಳಗ ಎಷ್ಟ ಅದ ಅಂತ ಗೊತ್ತಿರ್ತದ.

ಇನ್ನೊಂದು ಮಾತು. ಗಂಡ ಹ್ವಾದ ಮ್ಯಾಲೆ ಆ ಸಂಸ್ಥಾ ನಡಿಸಿದಾಕಿ, ಅವನ ಕಥಿ ಪುಸ್ತಕ ಮಾಡಿ ಬರದಾಕಿ ಮೆಲಡಿನ. ಇವತ್ತಿಗೂ ಚರ್ಚಿನಾಗ ಹಾಡೋ ‘ದೇರ್ ಇಸ್ ಎ ರಿಡೀಮರ್’ ಬರದಾಕಿನೂ ಅಕಿನ. ದಾನದ ಲೆಕ್ಕದಾಗ ಅಕಿ ಹೆಸರೂ ಗಂಡನ ಹೆಸರಿನಷ್ಟ ದಪ್ಪ ಅಕ್ಷರದಾಗ ಇರಬೇಕು.

ನಮ್ಮ ಅತ್ತಿಯವರ ಮಾತು ನಾ ಬಿಡಂಗಿಲ್ಲ. ಆದ್ರ ಒಂದ ಮುಷ್ಟಿ ಅಕ್ಕಿ ಹೆಚ್ಚಿಗೆ ಇಡು ಅನ್ನೋಕಿಂತ ಮೊದ್ಲ, ಒಲಿ ಮುಂದ ನಿಂತಾಕಿನ್ನ ಒಂದ ಸಲಾ ಕೇಳೋಣು: ಆಗ್ತದೇನವಾ ನಿನಗ?