ಮಗಳ ಕಂಪ್ಯೂಟರ್ ಶೋಕಿ ಅಲ್ರಿ
ಅಕ್ಕಾರ, ವೈನಿಯಾರ, ಸಿಟ್ಟಾಗಬ್ಯಾಡ್ರಿ. ಮಗಾ ಬೈಕ್ ಕೇಳಿದ್ರ ಸಾಲಾ ಮಾಡಿ ಕೊಡಸ್ತೀವಿ. ಮಗಳು ಮನ್ಯಾಗ ಕುಂತು ವೆಬ್‌ಸೈಟ್ ಮಾಡಿ ದುಡೀತೀನಿ, ಕಂಪ್ಯೂಟರ್ ಕೊಡಸ್ರಿ ಅಂದ್ರ ‘ಮೊಬೈಲ್ ಐತೆಲ್ಲ’ ಅಂತೀವಿ. ಸೂಜಿ ಕೊಟ್ಟು ಇಳಕಲ್ ಸೀರಿ ನೇಯಿ ಅಂದಂಗಾತು. ಮಗ್ಗ ಬ್ಯಾಡೇನು?

ಹಂಗಂತ ಅಂಗಡ್ಯಾವ ತೋರಿಸಿದ ಲಕ್ಷ ರೂಪಾಯಿ ಗೇಮಿಂಗ್ ಲ್ಯಾಪ್‌ಟಾಪೂ ಬ್ಯಾಡ. ಆಟದ ಗ್ರಾಫಿಕ್ಸ್ ಕಾರ್ಡ್ ಈ ಕೆಲಸಕ್ಕ ಬೇಕಾಗಂಗಿಲ್ಲ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 24 ಇಂಚಿನ ಮಾನಿಟರ್ ಇದ್ರ ಸಾಕು. ಕೋಡ್ ಬರಿಯೋ ವಿಎಸ್ ಕೋಡ್ ಪುಕ್ಕಟ ಸಿಗತೈತಿ. ಉಳಿದ ರೊಕ್ಕದಾಗ ಯುಪಿಎಸ್ ತಗೋರಿ. ಕರೆಂಟ್ ಹೋದ್ರ ಮಾಡಿದ್ದು ಸೇವ್ ಮಾಡಾಕರ ಹೊತ್ತು ಸಿಗತೈತಿ.

ಮತ್ತ ಅಕಿ ಗಿರಾಕಿ ಜೋಡಿ ಮಾತಾಡಾಕತ್ತಾಗ ‘ಚಾ ಇಡು ಬಾ’ ಅಂತ ಕರೀಬ್ಯಾಡ್ರಿ. ತುಳಸಿಗೇರಿ ಹನುಮಪ್ಪ ಹರಸ್ತಾನ. ಕಂಪ್ಯೂಟರ್ ನಾವ ಕೊಡಸಬೇಕು.