ಮಂಗನ ಕಾಯಿಲೆಯ ಹೊಸ ಲಸಿಕೆ: ಜನರ ಹಿಂಜರಿಕೆಯನ್ನು ಮೊದಲು ಅಧ್ಯಯನ ಮಾಡುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ವಿಕಾಸಸೌಧ, ಬೆಂಗಳೂರು.

ಇವರಿಂದ,
ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಂಗನ ಕಾಯಿಲೆ ಪೀಡಿತ ಗ್ರಾಮಗಳ ಅಡಿಕೆ ಬೆಳೆಗಾರರು, ಕೂಲಿ ಕಾರ್ಮಿಕರು, ಆಶಾ ಕಾರ್ಯಕರ್ತೆಯರು ಮತ್ತು ಶಾಲಾ ಶಿಕ್ಷಕರು.

ವಿಷಯ: ಮಂಗನ ಕಾಯಿಲೆಯ (ಕೆಎಫ್‌ಡಿ) ಹೊಸ ಲಸಿಕೆ ಬಳಕೆಗೆ ಬರುವ ಮುನ್ನವೇ ಲಸಿಕೆಯ ಬಗ್ಗೆ ಜನರ ನಂಬಿಕೆ, ಹಿಂಜರಿಕೆ ಮತ್ತು ನಡವಳಿಕೆಯ ಕುರಿತು ಆರೋಗ್ಯ ಮನೋವಿಜ್ಞಾನದ ಅಧ್ಯಯನ ನಡೆಸುವ ಬಗ್ಗೆ.

ಮಾನ್ಯರೇ,

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪತ್ತೆಯಾದ ಕಾಯಿಲೆ ಇದು. ಅಂದಿನಿಂದ ಡಿಸೆಂಬರ್ ಬಂತೆಂದರೆ ನಮ್ಮ ಊರುಗಳಲ್ಲಿ ಜ್ವರದ ಲೆಕ್ಕ ಶುರುವಾಗುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಕಂಡ ಸಾವುಗಳನ್ನು ತಮ್ಮ ಇಲಾಖೆಗೆ ನಾವು ಹೊಸದಾಗಿ ತಿಳಿಸಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಹೊಸ ಲಸಿಕೆ ತಯಾರಿಸುತ್ತಿರುವುದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಈ ಮನವಿಗೆ ಸಹಿ ಹಾಕಿದವರಲ್ಲಿ ಲಸಿಕೆಯ ವಿರೋಧಿಗಳು ಯಾರೂ ಇಲ್ಲ. ಮನೆಯವರನ್ನು ಈ ಜ್ವರಕ್ಕೆ ಕಳೆದುಕೊಂಡವರಿದ್ದಾರೆ.

ನಮ್ಮ ಆತಂಕ ಬೇರೆ. ಹೊಸ ಲಸಿಕೆ ಬರುವುದು ಹಳೆಯ ಲಸಿಕೆಯ ನೆನಪಿರುವ ಊರುಗಳಿಗೆ. 1990ರಿಂದ ಬಳಕೆಯಲ್ಲಿದ್ದ ಆ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ತೋಳು ವಿಪರೀತ ನೋಯುತ್ತಿತ್ತು. ಮೊದಲ ಡೋಸ್ ಪಡೆದ ಎಷ್ಟೋ ಮಂದಿ ಎರಡನೆಯದಕ್ಕೆ ಬರಲಿಲ್ಲ, ಬೂಸ್ಟರ್ ತನಕ ಬಂದವರು ಇನ್ನೂ ಕಡಿಮೆ. 2022ರ ಹೊತ್ತಿಗೆ, ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಅದರ ಬಳಕೆಯೇ ನಿಂತಿತು. ಈ ಮೂವತ್ತು ವರ್ಷಗಳ ಕಥೆಗೆ ವರದಿಗಳಲ್ಲಿ ಸಿಗುವ ಷರಾ ಸಾಮಾನ್ಯವಾಗಿ ಒಂದೇ: ಜನರ ಸಹಕಾರ ಕಡಿಮೆ, ತಿಳಿವಳಿಕೆ ಕಡಿಮೆ.

ಈ ಷರಾವನ್ನು ನಾವು ಒಪ್ಪುವುದಿಲ್ಲ.

2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಳೆಯ ಲಸಿಕೆಯ ಎರಡು ಡೋಸ್‌ಗಳ ಪರಿಣಾಮ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83. ಅಂದರೆ, ಲಸಿಕೆ ಇಲ್ಲದಿದ್ದರೆ ನೂರು ಮಂದಿ ಮಲಗಬೇಕಿದ್ದ ಕಡೆ ಎರಡು ಡೋಸ್ ಪಡೆದ ಮೇಲೂ ಮೂವತ್ತೆಂಟು ಮಂದಿ ಮಲಗುತ್ತಾರೆ. ಆ ಮೂವತ್ತೆಂಟು ಜನರ ಹೆಸರು ಇಡೀ ಊರಿಗೆ ಗೊತ್ತು. ಉಳಿದ ಅರವತ್ತೆರಡು ಜನ ತಾವು ಪಾರಾದದ್ದನ್ನು ತಾವೇ ಅರಿಯರು. ಈ ಲೆಕ್ಕವನ್ನು ಶಿಬಿರದಲ್ಲಿ ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ‘ಹಾಕಿಸಿಕೊಂಡರೆ ಕಾಯಿಲೆ ಬರೋದಿಲ್ಲ’ ಎಂದಷ್ಟೇ ಹೇಳಿದರು. ಹಾಕಿಸಿಕೊಂಡವರಿಗೂ ಬಂತು. ಅಲ್ಲಿಗೆ ಮಾತು ಮುಗಿಯಿತು. ಕಣ್ಣೆದುರು ಕಂಡದ್ದನ್ನು ನಂಬಿದ ಜನರನ್ನು ಅಜ್ಞಾನಿಗಳೆನ್ನುವುದು ಸರಿಯಲ್ಲ.

ಇನ್ನೊಂದು ತೊಡಕು ಋತುವಿನದು. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತನಕ. ಅಷ್ಟರೊಳಗೆ ದೇಹ ಸಜ್ಜಾಗಬೇಕೆಂದರೆ ಲಸಿಕೆಯನ್ನು ಮಳೆಗಾಲದಲ್ಲೇ ಶುರು ಮಾಡಬೇಕು. ಆಗ ಕಾಯಿಲೆ ಹರಡುವ ಉಣುಗಿನ ಕಾಟವಿಲ್ಲ, ಮಂಗ ಸತ್ತ ಸುದ್ದಿಯಿಲ್ಲ, ಜ್ವರದ ಭಯವೂ ಇಲ್ಲ. ಜನವರಿಯಲ್ಲಿ ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಾಗ ಎಲ್ಲರೂ ಲಸಿಕೆಗೆ ಓಡುತ್ತಾರೆ, ಆದರೆ ಎರಡನೆಯ ಡೋಸ್ ಬರುವಷ್ಟರಲ್ಲಿ ಸುಗ್ಗಿಯ ಅರ್ಧ ಕಳೆದಿರುತ್ತದೆ. ಭಯವಿದ್ದಾಗ ಲಸಿಕೆಗೆ ಸಮಯವಿಲ್ಲ, ಸಮಯವಿದ್ದಾಗ ಭಯವಿಲ್ಲ. ಇದನ್ನು ಕರಪತ್ರ ಹಂಚಿ ಬಗೆಹರಿಸಲಾಗದು.

ಇಂಥದ್ದನ್ನು ಅಳೆಯಲು ಆರೋಗ್ಯ ಮನೋವಿಜ್ಞಾನದ ಬಳಿ ಸಲಕರಣೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 2014ರಲ್ಲಿಯೇ ಹಿಂಜರಿಕೆಯ ಹಿಂದೆ ಮೂರು ಸಂಗತಿಗಳನ್ನು ಗುರುತಿಸಿತು: ನಂಬಿಕೆಯ ಕೊರತೆ, ಕಾಯಿಲೆಯ ಬಗ್ಗೆ ಉದಾಸೀನ, ಲಸಿಕೆ ಕೈಗೆ ಸಿಗುವಲ್ಲಿನ ಅನನುಕೂಲ. 2022ರಲ್ಲಿ ಅದೇ ಸಂಸ್ಥೆ ಜನರ ಆಲೋಚನೆ ಮತ್ತು ಭಾವನೆ, ಸುತ್ತಲಿನವರ ಪ್ರಭಾವ, ಇಚ್ಛೆ, ಪ್ರಾಯೋಗಿಕ ಅಡಚಣೆ ಇವುಗಳನ್ನು ಬೇರೆ ಬೇರೆಯಾಗಿ ಕೇಳುವ ಪ್ರಶ್ನಾವಳಿಗಳನ್ನು ಹೊರತಂದಿತು. ತಾನು ಮಾಡಿಸಿಕೊಂಡದ್ದರಿಂದಾಗುವ ಸಣ್ಣ ಹಾನಿ, ಮಾಡಿಸಿಕೊಳ್ಳದ್ದರಿಂದಾಗುವ ದೊಡ್ಡ ಹಾನಿಗಿಂತ ಮನುಷ್ಯನಿಗೆ ಭಾರವಾಗಿ ತೋರುತ್ತದೆಂದು ರಿಟೋವ್ ಮತ್ತು ಬ್ಯಾರನ್ ಎಂಬ ಸಂಶೋಧಕರು 1990ರಲ್ಲಿ, ಲಸಿಕೆಯ ಉದಾಹರಣೆಯನ್ನೇ ಇಟ್ಟುಕೊಂಡು ತೋರಿಸಿದ್ದಾರೆ. ನೋಯುವ ತೋಳು ಇವತ್ತಿನದು, ಜ್ವರ ಬಂದರೆ ಬಂತು ಎಂಬಂಥದ್ದು. ನಮ್ಮೂರಿನವರ ಮನಸ್ಸು ಜಗತ್ತಿನ ಉಳಿದವರ ಮನಸ್ಸಿಗಿಂತ ಬೇರೆಯೇನಲ್ಲ.

ಬೇರೆಯಾಗಿರುವುದು ಬದುಕು. ಮಂಗನ ಕಾಯಿಲೆಯ ಸೀಮೆಯಲ್ಲಿ ಒಂದೇ ಬಗೆಯ ಜನರಿಲ್ಲ. ಸೊಪ್ಪಿನ ಬೆಟ್ಟವಿರುವ ತೋಟದ ಯಜಮಾನ, ಅವನ ತೋಟದಲ್ಲಿ ಮರ ಹತ್ತುವ ಕೊನೆಗೌಡ, ದರಕು ಗುಡಿಸಲು ಹೋಗುವ ಹೆಂಗಸು, ಸುಗ್ಗಿಗೆಂದು ಬಯಲುಸೀಮೆಯಿಂದ ಬರುವ ಕೂಲಿ, ದನಗಳ ಹಿಂದೆ ಕಾಡು ತಿರುಗುವ ಗೌಳಿ: ಇವರಿಗೆ ಎದುರಾಗುವ ಅಪಾಯವೂ ಒಂದೇ ಅಲ್ಲ, ಸರ್ಕಾರದ ಮಾತಿನ ಮೇಲಿರುವ ಭರವಸೆಯೂ ಒಂದೇ ಅಲ್ಲ. ಜೋಯಿಡಾದ ಕುಣಬಿಯರ ಮನೆಮಾತು ಕೊಂಕಣಿ, ಗೌಳಿಗರದು ಮರಾಠಿ ಬೆರೆತ ನುಡಿ. ಹಾಲಕ್ಕಿಗಳು, ಸಿದ್ದಿಗಳು, ಹಸಲರು ಇದ್ದಾರೆ. ಕಾಯಿಲೆ 2012-13ರಲ್ಲಿ ಬಂಡೀಪುರದ ಕಡೆ ಕಾಣಿಸಿಕೊಂಡ ಮೇಲೆ ಚಾಮರಾಜನಗರದ ಸೋಲಿಗರೂ ಈ ಪಟ್ಟಿಗೆ ಸೇರಬೇಕಾಗುತ್ತದೆ. ಕಾಡಿಗೆ ಹೋಗಿದ್ದೆನೆಂದು ಅಧಿಕಾರಿಯ ಮುಂದೆ ಬಾಯಿ ಬಿಡಲು ಇವರಲ್ಲಿ ಅನೇಕರು ಅಳುಕುತ್ತಾರೆ. ಕಾಡಿನ ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥವಾಗದವನು ‘ನಾನು ಕಾಡಿಗೆ ಹೋಗುವುದೇ ಇಲ್ಲ, ನನಗೇಕೆ ಲಸಿಕೆ’ ಎನ್ನುತ್ತಾನೆ. ಸಮೀಕ್ಷೆಯ ಹಾಳೆಯಲ್ಲಿ ಅದು ಲಸಿಕೆಯ ನಿರಾಕರಣೆ ಎಂದು ದಾಖಲಾಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಹೊಸ ಲಸಿಕೆಯ ಮೊದಲ ಶಿಬಿರಕ್ಕೂ ಮುನ್ನ, ಮಳೆಗಾಲ ಮತ್ತು ಬೇಸಿಗೆ ಎರಡನ್ನೂ ಒಳಗೊಂಡು, ಪೀಡಿತ ತಾಲ್ಲೂಕುಗಳಲ್ಲಿ ನಡವಳಿಕೆಯ ಅಧ್ಯಯನ ನಡೆಯಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆ ಅಥವಾ ವಿಶ್ವವಿದ್ಯಾಲಯಗಳ ಮನೋವಿಜ್ಞಾನ, ಸಮಾಜವಿಜ್ಞಾನ ವಿಭಾಗಗಳು ಇದನ್ನು ಮಾಡಲಿ. ಪ್ರಶ್ನೆ ಕೇಳುವವರು ಆಯಾ ಸಮುದಾಯದ ಮಾತು ಬಲ್ಲವರಾಗಿರಲಿ, ಅರಣ್ಯ ಇಲಾಖೆಯವರು ಜೊತೆಗಿರುವುದು ಬೇಡ. ಕೊಟ್ಟ ಉತ್ತರವನ್ನು ಯಾವ ಇಲಾಖೆಯೂ ಯಾರ ಮೇಲೂ ಬಳಸುವುದಿಲ್ಲವೆಂಬ ಲಿಖಿತ ಭರವಸೆ ಇರಲಿ. ಹಳೆಯ ಲಸಿಕೆಯನ್ನು ಅರ್ಧಕ್ಕೆ ಬಿಟ್ಟವರನ್ನು ವಿಶೇಷವಾಗಿ ಹುಡುಕಿ ಮಾತನಾಡಿಸಬೇಕು. ಇಲ್ಲಿಯವರೆಗೆ ಅವರ ಎಣಿಕೆ ನಡೆದಿದೆ, ವಿಚಾರಣೆ ನಡೆದಿಲ್ಲ. ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ ಗ್ರಾಮಸಭೆಯಲ್ಲಿ ಓದಬೇಕು.

2. ಲಸಿಕೆ ಎಷ್ಟು ಜನರನ್ನು ಕಾಯುತ್ತದೆ, ಎಷ್ಟು ಕಾಲ, ಎಷ್ಟು ನೋಯುತ್ತದೆ, ಯಾವ ವಯಸ್ಸಿನವರಿಗೆ ಏಕೆ ಕೊಡುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇನ್ನೂ ತಿಳಿಯದ್ದನ್ನು ತಿಳಿದಿಲ್ಲ ಎನ್ನಬೇಕು. ಹಳೆಯ ಲಸಿಕೆ ಏಕೆ ನಿಂತಿತೆಂದು ಸರ್ಕಾರವೇ ಊರೂರಿಗೆ ಬಂದು ವಿವರಿಸದೆ ಹೊಸದನ್ನು ತರುವುದು ಬೇಡ. ಪ್ರಚಾರದ ಸಂದೇಶಗಳನ್ನು ಮೊದಲು ಕೆಲವು ಊರುಗಳಲ್ಲಿ ಪರೀಕ್ಷಿಸಿ ನೋಡಬೇಕು. ದಡಾರ ಲಸಿಕೆಯ ಬಗ್ಗೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಪ್ಪು ನಂಬಿಕೆಯನ್ನು ತಿದ್ದುವ ಮಾಹಿತಿ ಆ ನಂಬಿಕೆಯನ್ನೇನೋ ತಗ್ಗಿಸಿತು, ಆದರೆ ಮೊದಲೇ ಅನುಮಾನವಿದ್ದ ಪೋಷಕರಲ್ಲಿ ಲಸಿಕೆ ಹಾಕಿಸುವ ಇಚ್ಛೆಯನ್ನೂ ಇಳಿಸಿತು.

3. ನಮ್ಮ ಭಾಗದಲ್ಲಿ ಲಸಿಕೆಯ ಪ್ರಯೋಗ ನಡೆದರೆ ಸಮ್ಮತಿ ನಿಜವಾದ ಸಮ್ಮತಿಯಾಗಿರಬೇಕು. 2009ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಆರಂಭವಾದ ಎಚ್‌ಪಿವಿ ಲಸಿಕೆಯ ಅಧ್ಯಯನದಲ್ಲಿ ಖಮ್ಮಂನ ಅನೇಕ ಹೆಣ್ಣುಮಕ್ಕಳ ಸಮ್ಮತಿಪತ್ರಕ್ಕೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಅಧ್ಯಯನ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಆ ಅನುಮಾನ ಒಂದು ಲಸಿಕೆಗೆ ಮಾತ್ರ ಅಂಟಿಕೊಳ್ಳಲಿಲ್ಲ. ಆಶ್ರಮಶಾಲೆ, ಹಾಡಿ, ಕೂಲಿಗಳ ಬಿಡಾರ, ಎಲ್ಲಿಯೇ ಆದರೂ ಮತ್ತೊಬ್ಬರ ಪರವಾಗಿ ಯಾರೂ ಸಹಿ ಹಾಕಬಾರದು.

4. ಶಿಬಿರ ಹೇಳಿದ ದಿನ, ಹೇಳಿದ ಹೊತ್ತಿಗೆ ನಡೆಯಬೇಕು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ವಿಶೇಷ ಏರ್ಪಾಡಿಲ್ಲದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 6. ತಪ್ಪದೆ ಶಿಬಿರ ನಡೆದಲ್ಲಿ ಶೇ. 18, ಜೊತೆಗೆ ಪ್ರತಿ ಸಲ ಒಂದು ಕೆಜಿ ಬೇಳೆ ಕೊಟ್ಟಲ್ಲಿ ಶೇ. 39. ನಮಗೆ ಬೇಳೆ ಬೇಡ. ಲಸಿಕೆಯ ಮರುದಿನ ತೋಳೆತ್ತಲಾಗದ ಕೂಲಿಯವರಿಗೆ ಆ ದಿನದ ಪಗಾರ ಕೊಡಿ. ಸುಗ್ಗಿಗೆ ಬರುವವರ ಹೆಸರು ಇಲ್ಲಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಅವರಿಗೆ ಅವರ ಊರಿನಲ್ಲೇ ಮಳೆಗಾಲದಲ್ಲಿ ಲಸಿಕೆ ಸಿಗುವ ವ್ಯವಸ್ಥೆ ಆಗಬೇಕು.

5. ಲಸಿಕೆಯ ನಂತರ ತೊಂದರೆಯಾದವರಿಗೆ, ತಪ್ಪು ಯಾರದೆಂಬ ವಿಚಾರಣೆಗೆ ಕಾಯಿಸದೆ, ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ತನಿಖೆಯ ಫಲಿತಾಂಶ ಆ ಮನೆಯವರಿಗೂ ಊರಿಗೂ ತಿಳಿಯಬೇಕು.

6. ಆಶಾ ಕಾರ್ಯಕರ್ತೆಯರಿಗೆ ಗುರಿಯ ಸಂಖ್ಯೆ ಕೊಡಬೇಡಿ. ಶಿಬಿರ ಮುಗಿಸಿ ವ್ಯಾನು ಹೊರಟುಹೋಗುತ್ತದೆ. ಊರಿನಲ್ಲಿ ಉಳಿಯುವವಳು, ಹೇಳಿದ ಮಾತು ಹುಸಿಯಾದರೆ ನೆರೆಹೊರೆಯವರಿಂದ ಅನ್ನಿಸಿಕೊಳ್ಳುವವಳು ಅವಳೇ. ‘ಬೇಡ’ ಎಂದವರ ಜೊತೆ ಕೂತು ಮಾತನಾಡಲು ಬೇಕಾದ ತರಬೇತಿ, ಸಮಯ ಮತ್ತು ಅದಕ್ಕೆ ತಕ್ಕ ಗೌರವಧನ ಕೊಡಿ.

7. ಲಸಿಕೆ ಬಂದ ಮೇಲೂ ಉಣುಗು ತಡೆಯುವ ಎಣ್ಣೆಯ ಹಂಚಿಕೆ ನಿಲ್ಲಬಾರದು. ಲಸಿಕೆ ಪಡೆದವರು ಎಣ್ಣೆ ಹಚ್ಚುವುದನ್ನು ಬಿಡುತ್ತಾರೆಯೇ ಎಂಬುದನ್ನೂ ಅಧ್ಯಯನ ನೋಡಲಿ. ಕಾಯಿಲೆ ಈಗಾಗಲೇ ವಯನಾಡು, ಗೋವಾ, ಸಿಂಧುದುರ್ಗಗಳನ್ನು ಮುಟ್ಟಿರುವುದರಿಂದ ಆ ರಾಜ್ಯಗಳ ಆರೋಗ್ಯ ಇಲಾಖೆಗಳನ್ನೂ ಸೇರಿಸಿಕೊಳ್ಳುವುದು ಒಳಿತು.

ಈ ಬೇಡಿಕೆಗಳ ಕುರಿತು ಚರ್ಚಿಸಲು ಮುಂದಿನ ಮಳೆಗಾಲಕ್ಕೆ ಮುನ್ನ ಪೀಡಿತ ತಾಲ್ಲೂಕೊಂದರಲ್ಲಿ ಸಭೆ ಕರೆಯಬೇಕೆಂದೂ, ಯಾವ ಬೇಡಿಕೆ ಒಪ್ಪಿಗೆಯಾಗಿದೆ, ಯಾವುದು ಏಕೆ ಸಾಧ್ಯವಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳು ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆಗಳನ್ನು ಲಗತ್ತಿಸಿದೆ)

ಪ್ರತಿಗಳು:
ಮಹಾನಿರ್ದೇಶಕರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ನವದೆಹಲಿ
ಜಿಲ್ಲಾಧಿಕಾರಿಗಳು, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು